ತಿಂಗಳಿಗೊಂದು ಹಕ್ಕಿ, ಒಂದು ಸುತ್ತಿಗೆ 12 ಚಿತ್ರ

ತಿಂಗಳಿಗೊಂದು ಕಾಡುಹಕ್ಕಿ, ಅದರ ಬಗ್ಗೆ ಒಂದು ಮಜವಾದ ಸಂಗತಿ. ಆ ಸಂಗತಿ ಓಡುವ ಚಿತ್ರದಲ್ಲೇ ಕಾಣಬೇಕು, ಪಕ್ಕದಲ್ಲಿ ಬರೆದು ವಿವರಿಸುವ ಹಾಗಿಲ್ಲ. ನಾನು ಹಾಕಿಕೊಂಡ ಸವಾಲು ಇಷ್ಟೇ. ಚಿತ್ರ ಓಡಿಸೋಕೆ ಒಂದು ಝೋಯಿಟ್ರೋಪ್ ಕಟ್ಟಿಕೊಂಡೆ. ಮೇಲರ್ಧದಲ್ಲಿ ಸೀಳುಗಳಿರುವ ಡ್ರಮ್ಮು, ಒಳಗೆ ಚಿತ್ರದ ಪಟ್ಟಿ. ಕೈಯಿಂದ ತಿರುಗಿಸಿ ಸೀಳಿನಲ್ಲಿ ಇಣುಕಿದರೆ ಎದುರು ಗೋಡೆಯ ಚಿತ್ರ ಅಲ್ಲಾಡುತ್ತದೆ.

ಚಿತ್ರ ಬಿಡಿಸುವವರಿಗೆ ಇಂಕ್‌ಟೋಬರ್ ಗೊತ್ತೇ ಇರುತ್ತದೆ. ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದ್ದು. ಅಕ್ಟೋಬರ್‌ನ 31 ದಿನ, ದಿನಕ್ಕೊಂದು ಮಸಿ ಚಿತ್ರ. ಕೈ ಪಳಗೋಕೆ ಒಳ್ಳೆಯದೇ. ಆದರೆ ದಿನಕ್ಕೊಂದು ಹಕ್ಕಿ ಅಂತ ಹೊರಟರೆ, ಕೊಂಬೆ ಮೇಲೆ ಕೂತು ಪಕ್ಕಕ್ಕೆ ನೋಡುವ ಹಕ್ಕಿಯೇ ಸಾಲುಸಾಲಾಗಿ ಬರುತ್ತದೆ. ಮೊಣಕಾಲು ಎಲ್ಲಿದೆ, ರೆಕ್ಕೆ ಎಲ್ಲಿ ಮಡಚುತ್ತದೆ ಅಂತ ನೋಡೋಕೆ ಪುರುಸೊತ್ತು ಇರಲ್ಲ. ತಿಂಗಳಿಗೊಂದು ಅಂದರೆ ಆ ಪುರುಸೊತ್ತು ಸಿಗುತ್ತದೆ.

ಕಂಪ್ಯೂಟರ್ ಬಿಟ್ಟು ಇಂಥ ಹಳೇ ಯಂತ್ರ ಯಾಕೆ ಅಂತ ಕೇಳಬಹುದು. ಹಕ್ಕಿಗೂ ಈ ಡ್ರಮ್ಮಿಗೂ ಹಳೇ ನಂಟು. ಎತಿಯೆನ್ ಜೂಲ್ ಮಾರೆ ಅನ್ನುವ ಫ್ರೆಂಚ್ ವಿಜ್ಞಾನಿ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದ. ಹಾರುವ ಹಕ್ಕಿಗೆ ಗುರಿಯಿಟ್ಟು ಟ್ರಿಗರ್ ಎಳೆದರೆ ಸೆಕೆಂಡಿಗೆ 12 ಫೋಟೋ. ಆ ಫೋಟೋಗಳನ್ನು ನೋಡಿ ಹಕ್ಕಿಯ ಬೇರೆ ಬೇರೆ ಭಂಗಿಯ ಬೊಂಬೆಗಳನ್ನು ಮಾಡಿಸಿ, 1887ರಲ್ಲಿ ಅವನ್ನು ದೊಡ್ಡದೊಂದು ಝೋಯಿಟ್ರೋಪಿನೊಳಗೆ ಸಾಲಾಗಿ ನಿಲ್ಲಿಸಿ ತಿರುಗಿಸಿದ. ಸಿನಿಮಾ ಹುಟ್ಟುವ ಮೊದಲೇ ಹಕ್ಕಿ ಡ್ರಮ್ಮಿನಲ್ಲಿ ಹಾರಿ ಆಗಿತ್ತು. ನನ್ನ ಡ್ರಮ್ಮಿಗೂ 12 ಸೀಳು ಅಂತ ಅಲ್ಲೇ ತೀರ್ಮಾನವಾಯಿತು. ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಸೆಕೆಂಡಿಗೆ 12 ಚಿತ್ರ. ಸೆಕೆಂಡಿಗೆ 24 ಫ್ರೇಮು ಓಡುವ ಸಿನಿಮಾಕ್ಕೆ ಎರಡು ಫ್ರೇಮಿಗೊಂದರಂತೆ ಕೈಯಲ್ಲಿ ಚಿತ್ರ ಬಿಡಿಸುವವರ ಲೆಕ್ಕವೂ ಇದೇ.

ಡ್ರಮ್ಮು

ಒಳವ್ಯಾಸ 30 ಸೆಂ.ಮೀ. ಒಳಸುತ್ತಳತೆ 94.2 ಸೆಂ.ಮೀ. ಚಿತ್ರಕ್ಕೊಂದರಂತೆ 12 ಮನೆ ಮಾಡಿದರೆ ಒಂದೊಂದು 7.85 ಸೆಂ.ಮೀ. ಇನ್ನೂ ಚಿಕ್ಕದು ಮಾಡಬಹುದು, ಆದರೆ ಹಕ್ಕಿಯ ಕಾಲ್ಬೆರಳು ಬಿಡಿಸೋಕೆ ಜಾಗ ಉಳಿಯಲ್ಲ. ಗೋಡೆಯ ಎತ್ತರ 17 ಸೆಂ.ಮೀ. ಕೆಳಗಿನ 9 ಸೆಂ.ಮೀ ಪಟ್ಟಿಗೆ, ಮೇಲಿನ 8 ಸೆಂ.ಮೀ ಸೀಳಿಗೆ.

ತಳಕ್ಕೆ ದುಂಡಗೆ ಕತ್ತರಿಸಿದ ಪ್ಲೈವುಡ್. ನಟ್ಟನಡುವೆ 22 ಮಿ.ಮೀ ತೂತು ಕೊರೆದು ಅದರಲ್ಲಿ 608 ನಂಬರಿನ ಬೇರಿಂಗ್ ಕೂರಿಸಿದೆ. ಸ್ಕೇಟ್‌ಬೋರ್ಡ್ ಚಕ್ರದಲ್ಲಿ ಇರುವುದೂ ಇದೇ ಬೇರಿಂಗ್. ಒಳತೂತು 8 ಮಿ.ಮೀ, ಹಾಗಾಗಿ 8 ಮಿ.ಮೀ ಬೋಲ್ಟು ಅಲ್ಲಾಡದೆ ಕೂರುತ್ತದೆ. ಬೋಲ್ಟನ್ನು ಭಾರದ ಮರದ ದಿಮ್ಮಿಗೆ ಬಿಗಿದು, ದಿಮ್ಮಿಗೂ ಬೇರಿಂಗಿಗೂ ನಡುವೆ ಒಂದು ವಾಷರ್ ಹಾಕಿದೆ. ಈ ವಾಷರ್ ಬೇರಿಂಗಿನ ಒಳ ಉಂಗುರಕ್ಕೆ ಮಾತ್ರ ತಾಗುವಷ್ಟು ಚಿಕ್ಕದಿರಬೇಕು. ಹೊರ ಉಂಗುರಕ್ಕೂ ತಾಗಿದರೆ ಡ್ರಮ್ಮು ಸರಾಗವಾಗಿ ತಿರುಗಲ್ಲ, ಬೇಗ ನಿಂತುಬಿಡುತ್ತದೆ.

ಗೋಡೆಗೆ ಕಪ್ಪು ರಟ್ಟು. ಕೊಳ್ಳುವಾಗ ಎರಡೂ ದಿಕ್ಕಿಗೆ ಬಾಗಿಸಿ ನೋಡಿ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಬಾಗಿಸಿದರೆ ಅಲ್ಲಲ್ಲಿ ಮುರಿದ ಗೆರೆ ಬೀಳುತ್ತದೆ. ಸಲೀಸಾದ ದಿಕ್ಕು ಡ್ರಮ್ಮಿನ ಸುತ್ತ ಬರುವ ಹಾಗೆ ಕತ್ತರಿಸಬೇಕು. ಸೀಳುಗಳನ್ನು ರಟ್ಟು ಚಪ್ಪಟೆಯಾಗಿ ಇರುವಾಗಲೇ ಸ್ಟೀಲ್ ಸ್ಕೇಲ್ ಇಟ್ಟು ಕೊಯ್ದುಕೊಳ್ಳಬೇಕು. ಎತ್ತರ 6 ಸೆಂ.ಮೀ, ಅಗಲ 3 ಮಿ.ಮೀ. ಸೀಳು ಸಣ್ಣದಾದಷ್ಟೂ ಚಿತ್ರ ಚೂಪು, ಆದರೆ ಕತ್ತಲು ಜಾಸ್ತಿ. ಅಗಲವಾದಷ್ಟೂ ಬೆಳಕು, ಆದರೆ ಗೆರೆಗಳು ಮಸುಕು. 3ರಿಂದ ಶುರು ಮಾಡಿ ಬೇಕಾದರೆ 4ಕ್ಕೆ ಅಗಲಿಸಿಕೊಳ್ಳಿ. ಅಗಲವಾದ ಸೀಳನ್ನು ಮತ್ತೆ ಸಣ್ಣದು ಮಾಡೋದು ತಲೆನೋವು.

ರಟ್ಟಿನ ಎರಡು ತುದಿ ಒಂದರ ಮೇಲೊಂದು ಬಂದು ಅಂಟುವ ಕಡೆ ತೂಕ ಜಾಸ್ತಿಯಾಗುತ್ತದೆ. ಅದಕ್ಕೆ ಸರಿಯಾಗಿ ಎದುರು ಬದಿಯ ತಳದಲ್ಲಿ ಎರಡು ವಾಷರ್ ಅಂಟಿಸಿದೆ. ಓಲಾಟ ನಿಂತಿತು. ಬೆಳಕು ಮೇಲಿನಿಂದ ಪಟ್ಟಿಯ ಮೇಲೆ ಬೀಳಬೇಕು, ನೋಡುವವರ ಕಡೆ ಕತ್ತಲಿರಬೇಕು. ಹಗಲ ಬೆಳಕು ಎಲ್ಲಕ್ಕಿಂತ ಒಳ್ಳೆಯದು. ಕೆಲವು ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ. ಆ ಮಿಣುಕು ಸೀಳಿನ ಜೊತೆ ಸೇರಿಕೊಂಡು ಚಿತ್ರ ಕದಡುತ್ತದೆ.

ಸೀಳಿನ ಕೆಲಸ ಚಿತ್ರವನ್ನು ಕ್ಷಣಮಾತ್ರ ತೋರಿಸಿ ಮುಚ್ಚುವುದು. ಸೀಳಿಲ್ಲದೆ ಮೇಲಿನಿಂದ ನೋಡಿದರೆ ಬರೀ ಬೂದು ಪಟ್ಟಿ ಕಾಣುತ್ತದೆ, ಹಕ್ಕಿ ಇಲ್ಲ. ಇಲ್ಲಿ ಇನ್ನೊಂದು ಮಜ ಇದೆ. ದೀಪ ಸೆಕೆಂಡಿಗೆ 60 ಸಲದ ಆಸುಪಾಸು ಮಿಣುಕಿದರೆ ಸಾಮಾನ್ಯವಾಗಿ ನಮಗೆ ಒಂದೇ ಸಮನೆ ಉರಿದ ಹಾಗೆ ಕಾಣುತ್ತದೆ. ನೊಣಹಿಡುಕದಂಥ ಪುಟ್ಟ ಹಕ್ಕಿಗಳಿಗೆ ಸೆಕೆಂಡಿಗೆ 130ಕ್ಕಿಂತ ಜಾಸ್ತಿ ಮಿಣುಕೂ ಬಿಡಿಬಿಡಿಯಾಗಿ ಕಾಣುತ್ತದೆ ಅಂತ 2016ರ ಒಂದು ಅಧ್ಯಯನ ತೋರಿಸಿತು. ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿಯುವ ಹಕ್ಕಿಗೆ ಅಷ್ಟು ಚುರುಕು ಕಣ್ಣು ಬೇಕೇ ಬೇಕು ಅಲ್ವಾ? ಅದರ ಮುಂದೆ ನನ್ನ ಡ್ರಮ್ಮು ತಿರುಗಿಸಿದರೆ ಒಂದಾದ ಮೇಲೊಂದು ಬಿಡಿ ಚಿತ್ರ ಕಾಣಬಹುದೇ ಹೊರತು ಓಡುವ ಹಕ್ಕಿ ಕಾಣಲಿಕ್ಕಿಲ್ಲ.

ಪಟ್ಟಿ

ನಾಲ್ಕು ಎ4 ಹಾಳೆ ಅಡ್ಡಲಾಗಿ. ಒಂದೊಂದರಲ್ಲಿ ಮೂರು ಮನೆ, ತುದಿಯಲ್ಲಿ 1 ಸೆಂ.ಮೀ ಅಂಟಿನ ಅಂಚು. ನಾಲ್ಕೂ ಜೋಡಿಸಿದರೆ 12 ಮನೆ. ಕದಲದೆ ನಿಲ್ಲುವ ಕೊಂಬೆ, ಕಲ್ಲು, ನೆಲದ ಗೆರೆಯನ್ನೆಲ್ಲ ಒಂದೇ ಟ್ರೇಸಿಂಗ್ ಹಾಳೆಯಿಂದ ಎಲ್ಲ ಮನೆಗೂ ಇಳಿಸಿಕೊಳ್ಳಿ. ಕೊಂಬೆ ಅರ್ಧ ಮಿ.ಮೀ ಆಚೀಚೆಯಾದರೂ ತಿರುಗಿಸುವಾಗ ಗಡಗಡ ನಡುಗುತ್ತದೆ.

ಬಹಳ ಜನ ಹೇಳದೆ ಬಿಡುವ ವಿಷಯ ಒಂದಿದೆ. ಝೋಯಿಟ್ರೋಪಿನಲ್ಲಿ ಚಿತ್ರ ಅಡ್ಡಡ್ಡ ಕುಗ್ಗಿ ಕಾಣುತ್ತದೆ. ನಿಮ್ಮ ಕಡೆಯ ಸೀಳು ಎಡಕ್ಕೆ ಓಡುವಾಗ ಎದುರಿನ ಚಿತ್ರ ಬಲಕ್ಕೆ ಓಡುತ್ತಿರುತ್ತದೆ. ಎರಡೂ ಎದುರುಬದುರು ಹೋಗುವುದರಿಂದ ಸೀಳು ಚಿತ್ರವನ್ನು ಬೇಗ ದಾಟಿಬಿಡುತ್ತದೆ. ದೂರ ನಿಂತು ನೋಡಿದರೆ ಅಗಲ ಅರ್ಧಕ್ಕೆ ಇಳಿಯುತ್ತದೆ. ಡ್ರಮ್ಮಿನ ವ್ಯಾಸದಷ್ಟೇ ದೂರದಿಂದ ನೋಡಿದರೆ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಹಾಗಾಗಿ ದುಂಡನೆಯ ಗೂಬೆ ಬಿಡಿಸಿದರೆ ಸಣಕಲು ಗೂಬೆ ಕಾಣುತ್ತದೆ. ನಾನು ಮೊದಲು 1 ಸೆಂ.ಮೀ ಚೌಕಗಳ ಮೇಲೆ ಸರಿಯಾದ ಹಕ್ಕಿ ಬಿಡಿಸುತ್ತೇನೆ. ಆಮೇಲೆ ಅದನ್ನು ಒಂದೂವರೆ ಸೆಂ.ಮೀ ಅಗಲ, 1 ಸೆಂ.ಮೀ ಎತ್ತರದ ಮನೆಗಳಿಗೆ ಇಳಿಸುತ್ತೇನೆ. ಕಾಗದದ ಮೇಲೆ ಎಲ್ಲ ಹಕ್ಕಿಗೂ ಹೊಟ್ಟೆ ಬಂದಿರುತ್ತದೆ. ಡ್ರಮ್ಮಿನಲ್ಲಿ ಸರಿಹೋಗುತ್ತದೆ.

ಬಿಡಿಸುವ ಕ್ರಮ: ಮೊದಲು 1, 4, 7, 10ನೇ ಮನೆಯ ಮುಖ್ಯ ಭಂಗಿಗಳು. ಆಮೇಲೆ ನಡುವಿನವು. 1ರಿಂದ 12ರವರೆಗೆ ಸಾಲಾಗಿ ಹೋದರೆ 12ನೇ ಹಕ್ಕಿ ಒಂದನೆಯದಕ್ಕಿಂತ ದಪ್ಪಗಾಗಿರುತ್ತದೆ. ಸುತ್ತು ಮುಗಿದಾಗಲೆಲ್ಲ ಅದು ತಟಕ್ಕಂತ ಸಣ್ಣಗಾಗುವುದು ಎದ್ದು ಕಾಣುತ್ತದೆ.

ಪಾರಿವಾಳದ ತಲೆ

ಮೊದಲ ತಿಂಗಳಿಗೆ ಪಾರಿವಾಳ. ನಡೆಯುವಾಗ ಅದು ತಲೆಯನ್ನು ಹಿಂದೆ ಮುಂದೆ ಆಡಿಸುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ನಿಜಕ್ಕೂ ತಲೆ ಹಿಂದಕ್ಕೆ ಹೋಗುವುದೇ ಇಲ್ಲ. ತಲೆಯನ್ನು ಚಕ್ಕನೆ ಮುಂದಕ್ಕೆ ಚಾಚುತ್ತದೆ, ಅಲ್ಲೇ ಗಾಳಿಯಲ್ಲಿ ನಿಲ್ಲಿಸುತ್ತದೆ. ಮೈ ನಡೆದು ಬಂದು ತಲೆಯನ್ನು ಸೇರಿಕೊಳ್ಳುತ್ತದೆ. ಮತ್ತೆ ಚಾಚು, ಮತ್ತೆ ನಿಲ್ಲಿಸು. ತಲೆ ನಿಂತಷ್ಟು ಹೊತ್ತು ಕಣ್ಣಿಗೆ ಸುತ್ತಲಿನ ನೋಟ ಅಲುಗದೆ ಸಿಗುತ್ತದೆ. 1978ರಲ್ಲಿ ಬ್ಯಾರಿ ಫ್ರಾಸ್ಟ್ ಎಂಬ ವಿಜ್ಞಾನಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದ. ಕಾಲು ನಡೆಯುತ್ತಿದ್ದರೂ ಸುತ್ತಲಿನ ನೋಟ ಸರಿಯುತ್ತಿರಲಿಲ್ಲ. ತಲೆ ಆಡಿಸುವುದೂ ನಿಂತಿತು.

ಈಗ ಇದನ್ನು ಪಟ್ಟಿಗೆ ತರುವ ಲೆಕ್ಕ. ನನ್ನ ಪಾರಿವಾಳದ ಮೈ ಮನೆಯ ನಡುವೆ ನಿಂತೇ ಇರುತ್ತದೆ, ನೆಲ ಹಿಂದಕ್ಕೆ ಸರಿಯುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ನೆಲದ ಕಲ್ಲು 3 ಮಿ.ಮೀ ಸರಿಯಬೇಕು. 12 ಚಿತ್ರಕ್ಕೆ 36 ಮಿ.ಮೀ. ಆದ್ದರಿಂದ ಕಲ್ಲುಗಳ ನಡುವಿನ ಅಂತರವೂ 36 ಮಿ.ಮೀ ಇದ್ದರೆ ಸುತ್ತು ಮುಗಿದಾಗ ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಬಂದು ಕೂರುತ್ತದೆ. ಸುತ್ತಿಗೆ ಎರಡು ಹೆಜ್ಜೆ, ಹೆಜ್ಜೆಗೆ 6 ಹಂತ. ಮೊದಲ 4 ಹಂತದಲ್ಲಿ ತಲೆ ನೆಲದ ಜೊತೆಗೇ 3 ಮಿ.ಮೀ.ನಂತೆ ಹಿಂದೆ ಸರಿಯುತ್ತದೆ, ಒಟ್ಟು 12 ಮಿ.ಮೀ. ಕೊನೆಯ 2 ಹಂತದಲ್ಲಿ 6 ಮಿ.ಮೀ.ನಂತೆ ಮುಂದಕ್ಕೆ ನುಗ್ಗುತ್ತದೆ.

ಸರಿಯಾಗಿ ಬಂತಾ ಅಂತ ನೋಡುವ ಬಗೆ ಸುಲಭ. ಡ್ರಮ್ಮು ತಿರುಗಿಸಿ, ಪಾರಿವಾಳದ ಕಣ್ಣನ್ನೂ ಒಂದು ಕಲ್ಲನ್ನೂ ಒಟ್ಟಿಗೆ ನೋಡಿ. ತಲೆ ನಿಂತ ಹೊತ್ತಿನಲ್ಲಿ ಕಣ್ಣು ಕಲ್ಲಿನ ಮೇಲೇ ನಿಂತ ಹಾಗೆ ಕಾಣಬೇಕು. ಕಲ್ಲುಗಳನ್ನು ಅಳಿಸಿ ಅದೇ ಪಟ್ಟಿ ತಿರುಗಿಸಿದರೆ ಮತ್ತೆ ತಲೆ ಹಿಂದೆ ಮುಂದೆ ಆಡಿಸುವ ಹಳೇ ಪಾರಿವಾಳವೇ ಕಾಣುತ್ತದೆ. ಹೀಗಾಗಿ ನೆಲ ಇಲ್ಲಿ ಬರೀ ಅಲಂಕಾರಕ್ಕಿಲ್ಲ. ನೆಲವಿಲ್ಲದೆ ಸಂಗತಿಯೇ ಇಲ್ಲ.

ಕಾಲಿನ ಬಗ್ಗೆ ಒಂದು ಮಾತು. ಹಕ್ಕಿಯ ಕಾಲಿನ ನಡುವೆ ಹಿಂದಕ್ಕೆ ಮಡಚುವ ಗಂಟು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ಮೊಣಕಾಲು ಮೇಲೆ ಗರಿಯೊಳಗೆ ಅಡಗಿದೆ, ನಮ್ಮದರಂತೆಯೇ ಮುಂದಕ್ಕೆ ಬಾಗುತ್ತದೆ. ಹಕ್ಕಿ ತುದಿಗಾಲಲ್ಲೇ ನಡೆಯುವ ಪ್ರಾಣಿ. ಇದು ತಲೆಗೆ ಹೋದ ಮೇಲೆ ರಾಜಹಂಸದ ಉದ್ದ ಕಾಲು ಬಿಡಿಸೋದು ಎಷ್ಟೋ ಸಲೀಸು.

ಗೂಬೆ, ಮತ್ತು ಸುಲಭದ ಸುಳ್ಳು

ಗೂಬೆಯ ಕಣ್ಣು ಗುಂಡಗಿಲ್ಲ, ಕೊಳವೆಯಂತಿದೆ. ಕಣ್ಣುಗೂಡಿನಲ್ಲಿ ಹೊರಳುವುದಿಲ್ಲ. ಅದಕ್ಕೇ ತಲೆಯನ್ನೇ ತಿರುಗಿಸಬೇಕು. ನಮ್ಮ ಕತ್ತಿನಲ್ಲಿ 7 ಮೂಳೆ, ಅದರ ಕತ್ತಿನಲ್ಲಿ 14. ಒಂದೊಂದು ಬದಿಗೂ 270 ಡಿಗ್ರಿಯವರೆಗೆ ತಿರುಗಿಸುತ್ತದೆ.

ಪಟ್ಟಿಯಲ್ಲಿ ಚಿತ್ರಕ್ಕೆ 30 ಡಿಗ್ರಿಯಂತೆ ತಿರುಗಿಸಿದರೆ 12ಕ್ಕೆ ಪೂರ್ತಿ ಸುತ್ತು. ಬಿಡಿಸೋಕೂ ಸುಲಭ, ನೋಡೋಕೂ ದೆವ್ವದ ಹಾಗೆ ಮಜವಾಗಿರುತ್ತದೆ. ಆದರೆ ಸುಳ್ಳು. ನಾನು ಚಿತ್ರಕ್ಕೆ 45 ಡಿಗ್ರಿಯಂತೆ ಹೋದೆ. ಒಂದನೇ ಚಿತ್ರದಲ್ಲಿ ಎದುರು ಮುಖ, ಐದನೆಯದರಲ್ಲಿ ಬೆನ್ನ ಕಡೆ, ಏಳನೆಯದರಲ್ಲಿ 270. ಅಲ್ಲಿಂದ ಬಂದ ದಾರಿಯಲ್ಲೇ ವಾಪಸ್. ಎಡಕ್ಕೆ ಹೊರಟ ಮುಖ ಬೆನ್ನು ದಾಟಿ ಬಲಭುಜದ ಮೇಲೆ ಇಣುಕಿ, ಎದುರಿಗೆ ಬರೋಕೆ ಇನ್ನೊಂದು ಕಾಲು ಸುತ್ತು ಇರುವಾಗ ಹಿಂದಿರುಗುತ್ತದೆ. ನೋಡುವವರಿಗೆ ತಡೆಯಲಾರದಷ್ಟು ಕಿರಿಕಿರಿ. ಇದು ನನಗೆ ಪೂರ್ತಿ ಸುತ್ತಿಗಿಂತ ಇಷ್ಟವಾಯಿತು. ಕಣ್ಣಿನ ಪಾಪೆಯನ್ನು ಮಾತ್ರ ಕಣ್ಣಿನ ನಡುವಿನಿಂದ ಅಲುಗಿಸಬೇಡಿ. ಕಾರ್ಟೂನ್ ಅಭ್ಯಾಸದಿಂದ ಕೈ ತಾನಾಗೇ ಅದನ್ನು ಪಕ್ಕಕ್ಕೆ ಎಳೆಯುತ್ತದೆ.

ಮರಕುಟಿಗದ ತಲೆ ಹಿಗ್ಗಬಾರದು

ಮರಕುಟಿಗ ಸೆಕೆಂಡಿಗೆ 20 ಸಲದವರೆಗೆ ಕುಟ್ಟುತ್ತದೆ. ಸೆಕೆಂಡಿಗೆ 12 ಚಿತ್ರ ತೋರಿಸುವ ಯಂತ್ರದಲ್ಲಿ ಅದನ್ನು ಇದ್ದ ಹಾಗೇ ತೋರಿಸುವುದು ಆಗದ ಮಾತು. ಅದಕ್ಕೇ ಒಂದು ಕುಟ್ಟಿಗೆ ಇಡೀ 12 ಚಿತ್ರ ಕೊಟ್ಟೆ. ಅಂದರೆ 20 ಪಟ್ಟು ನಿಧಾನ. ತಲೆ ಹಿಂದಕ್ಕೆ ಹೋಗೋಕೆ 7 ಚಿತ್ರ, ಮುಂದೆ ಬರೋಕೆ 3, ಬಡಿದು ನಿಲ್ಲೋಕೆ 2. ಈ ಹಂಚಿಕೆ ಅಳೆದದ್ದಲ್ಲ, ಪೆಟ್ಟಿಗೆ ತೂಕ ಬರಲಿ ಅಂತ ಮಾಡಿಕೊಂಡದ್ದು.

ಅನಿಮೇಷನ್ ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠ, ಬಡಿದಾಗ ಚಪ್ಪಟೆ ಮಾಡು, ಚಿಮ್ಮಿದಾಗ ಉದ್ದ ಮಾಡು. ಚೆಂಡಿಗೆ ಸರಿ. ಮರಕುಟಿಗದ ತಲೆಗೆ ಇದು ಪೂರ್ತಿ ತಪ್ಪು. ಅದರ ತಲೆಬುರುಡೆಯಲ್ಲಿ ಪೆಟ್ಟು ಹೀರುವ ಸ್ಪಂಜಿನಂಥ ಏರ್ಪಾಡಿದೆ ಅಂತ ಬಹಳ ಕಾಲ ನಂಬಿದ್ದರು. 2022ರಲ್ಲಿ ಬೆಲ್ಜಿಯಂನ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಜೊತೆಗಾರರು ಮೂರು ಜಾತಿಯ ಮರಕುಟಿಗಗಳ ಅತಿವೇಗದ ವಿಡಿಯೋ ತೆಗೆದು ಅಳೆದರು. ಕೊಕ್ಕು ನಿಂತ ಹಾಗೇ ತಲೆಬುರುಡೆಯೂ ನಿಲ್ಲುತ್ತದೆ. ನಡುವೆ ಹೀರುವ ಕೆಲಸ ಏನೂ ಇಲ್ಲ, ತಲೆ ಗಟ್ಟಿ ಸುತ್ತಿಗೆಯೇ. ಪೆಟ್ಟನ್ನು ಹೀರಿಬಿಟ್ಟರೆ ಮರಕ್ಕೆ ತೂತು ಬೀಳೋದಾದರೂ ಹೇಗೆ? ಮಿದುಳು ತುಂಬಾ ಚಿಕ್ಕದು, ಹಾಗಾಗಿ ತಡೆದುಕೊಳ್ಳುತ್ತದೆ.

ಆದ್ದರಿಂದ ಈ ಪಟ್ಟಿಯಲ್ಲಿ ತಲೆಗೆ ಒಂದೇ ಅಚ್ಚು. ರಟ್ಟಿನಲ್ಲಿ ತಲೆ ಕೊಕ್ಕು ಒಟ್ಟಿಗೆ ಕತ್ತರಿಸಿ, 12 ಮನೆಗೂ ಅದನ್ನೇ ಇಟ್ಟು ಗೆರೆ ಎಳೆದೆ. ಬಾಗುವುದೆಲ್ಲ ಕತ್ತು ಮತ್ತು ಮೈಯಲ್ಲಿ. ಬಾಲದ ಗಟ್ಟಿ ಗರಿ ಮರಕ್ಕೆ ಊರಿಕೊಂಡಿರುತ್ತದೆ, ಅದನ್ನು ಅಲುಗಿಸುವಂತಿಲ್ಲ. ಬೆರಳು ಸಾಮಾನ್ಯವಾಗಿ ಎರಡು ಮುಂದೆ, ಎರಡು ಹಿಂದೆ. ಬಡಿದ ಎರಡು ಚಿತ್ರದಲ್ಲಿ ಕಣ್ಣಿನ ಮೇಲೆ ಪೊರೆ ಮುಚ್ಚಿದೆ. ಇದರ ನಾಲಿಗೆಯ ಬುಡದ ಮೂಳೆ ತಲೆಬುರುಡೆಯ ಹಿಂದಿನಿಂದ ಸುತ್ತಿಬರುತ್ತದೆ. ಸೊಗಸಾದ ಸಂಗತಿ, ಆದರೆ ಹೊರಗಿನಿಂದ ಕಾಣುವುದಿಲ್ಲ. ನಿಯಮದ ಪ್ರಕಾರ ಬಿಟ್ಟೆ.

ಬಿಟ್ಟವು ಹೀಗೆ ಬಹಳ ಇವೆ. ರಾಜಹಂಸದ ಮರಿ ಹುಟ್ಟುವಾಗ ಬೂದು ಬಣ್ಣ, ತಿನ್ನುವ ಆಹಾರದಿಂದ ಗುಲಾಬಿಯಾಗುತ್ತದೆ. ಮಿಂಚುಳ್ಳಿಯ ನೀಲಿ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ನೀಲಿ ಕಾಣುತ್ತದೆ. ಒಂದೇ ಚಿತ್ರಕ್ಕೆ ಇವು ಸಾಕು. 12 ಚಿತ್ರ ಬೇಡುವ ಸಂಗತಿಗಳಲ್ಲ.

ಹಾರುವ ಹಕ್ಕಿಗೆ 13ನೇ ಚಿತ್ರ

ಪಟ್ಟೆಬಾಲದ ಗಾಡ್ವಿಟ್ ಅಂತ ಉದ್ದ ಕೊಕ್ಕಿನ ವಲಸೆ ಹಕ್ಕಿ ಇದೆ. 2022ರಲ್ಲಿ ಟ್ಯಾಗ್ ಹಾಕಿದ ಒಂದು ಮರಿಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ ಹಾರಿತು. 11 ದಿನ, ನಡುವೆ ಎಲ್ಲೂ ಇಳಿಯದೆ. ಇದು ಅಂಕಿಯ ಸಂಗತಿ, ಚಲನೆಯದಲ್ಲ ಅಂತ ಪಕ್ಕಕ್ಕಿಟ್ಟಿದ್ದೆ. ಆದರೆ ಝೋಯಿಟ್ರೋಪಿನಲ್ಲಿ ಒಂದು ಹಳೇ ಉಪಾಯ ಇದೆ. ಸೀಳು 12 ಇರುವಾಗ ಪಟ್ಟಿಯಲ್ಲಿ 13 ಚಿತ್ರ ಹಾಕಿದರೆ, ಹಕ್ಕಿ ನಿಂತಲ್ಲಿ ರೆಕ್ಕೆ ಬಡಿಯುವುದು ಬಿಟ್ಟು ಡ್ರಮ್ಮು ತಿರುಗುವ ಕಡೆಗೇ ನಿಧಾನವಾಗಿ ಸಾಗುತ್ತದೆ. 11 ಹಾಕಿದರೆ ಹಿಂದಕ್ಕೆ ಸರಿಯುತ್ತದೆ. 13 ಇದ್ದಾಗ ಮುಂದಿನ ಸೀಳು ಬರುವಷ್ಟರಲ್ಲಿ ಚಿತ್ರಗಳು ಒಂದು ಮನೆಗಿಂತ ಚೂರು ಜಾಸ್ತಿ ಸರಿದಿರುತ್ತವೆ, 11 ಇದ್ದಾಗ ಚೂರು ಕಡಿಮೆ, ಅಷ್ಟೇ ಇದರ ಗುಟ್ಟು.

ಹಾಗಾಗಿ ಗಾಡ್ವಿಟ್‌ಗೆ 13 ಮನೆ. ಒಂದೊಂದು ಸುಮಾರು 7.25 ಸೆಂ.ಮೀ. ಎದುರು ಗೋಡೆಯಲ್ಲಿ ಒಂದಾದ ಮೇಲೊಂದು ಸಾಗುತ್ತಲೇ ಇರುತ್ತವೆ, ಇಳಿಯುವ ಜಾಗವೇ ಇಲ್ಲ. ಕೈ ಸೋಲುವವರೆಗೆ ಹಾರಿಸಬಹುದು.

ರೆಕ್ಕೆ ಬಿಡಿಸುವಾಗ ಗಮನಿಸಬೇಕಾದ್ದು ಮಣಿಕಟ್ಟು. ಕೆಳಕ್ಕೆ ಬೀಸುವಾಗ ರೆಕ್ಕೆ ಪೂರ್ತಿ ಬಿಚ್ಚಿಕೊಂಡು ತುದಿಯ ಗರಿಗಳು ಮೇಲಕ್ಕೆ ಬಾಗುತ್ತವೆ. ಮೇಲಕ್ಕೆ ಎತ್ತುವಾಗ ಮಣಿಕಟ್ಟಿನಲ್ಲಿ ಮಡಚಿ, ತುದಿ ಹಿಂದೆ ಉಳಿಯುತ್ತದೆ. ಕೆಳಬೀಸಿನಲ್ಲಿ ಮೈ ಚೂರು ಮೇಲೇಳುತ್ತದೆ, ಮೇಲೆತ್ತುವಾಗ ಚೂರು ಇಳಿಯುತ್ತದೆ. ತಲೆ ಮಾತ್ರ ಒಂದೇ ಎತ್ತರದಲ್ಲಿ. ಎರಡು ಹಲಗೆ ಮೇಲೆ ಕೆಳಗೆ ಆಡಿಸಿದ ಹಾಗೆ ಬಿಡಿಸಿದರೆ ಚಿಟ್ಟೆಯಾಗುತ್ತದೆ, ಹಕ್ಕಿಯಾಗಲ್ಲ.

ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ 50ರ ಆಸುಪಾಸು ಸಲ ರೆಕ್ಕೆ ಬಡಿಯುತ್ತದೆ, ಹಿಂದಕ್ಕೂ ಹಾರುತ್ತದೆ. ಅದಕ್ಕೆ 11 ಚಿತ್ರದ ಪಟ್ಟಿಯೇ ಸರಿ. ರೆಕ್ಕೆಯ ತುದಿ ಅಡ್ಡಲಾಗಿ ಮಲಗಿಸಿದ 8ರ ಗೆರೆಯಲ್ಲಿ ಓಡಬೇಕು. ಅದು ಇನ್ನೂ ಪೆನ್ಸಿಲಿನಲ್ಲೇ ಇದೆ.

ಉಳಿಸಿಕೊಳ್ಳೋದು

ಮುಗಿದ ಪಟ್ಟಿಯನ್ನು ಸ್ಕ್ಯಾನ್ ಮಾಡಿ ಜಿಫ್ (ತಾನೇ ಮತ್ತೆ ಮತ್ತೆ ಓಡುವ ಚಿತ್ರದ ಫೈಲು) ಕೂಡ ಮಾಡುತ್ತೇನೆ. ಹಿಗ್ಗಿಸಿದ ಚಿತ್ರವನ್ನು ಅಡ್ಡಡ್ಡ ಮೂರರಲ್ಲಿ ಎರಡು ಪಾಲಿಗೆ ಇಳಿಸೋದು ಮರೆಯಬೇಡಿ. ಜಿಫ್‌ನಲ್ಲಿ ಸಮಯವನ್ನು ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲೇ ಕೊಡಬೇಕು. ಎಲ್ಲ ಚಿತ್ರಕ್ಕೂ ಒಂದೇ ಸಮಯ ಕೊಟ್ಟರೆ ಸರಿಯಾಗಿ 12 ಬರಲ್ಲ. 8 ಅಂತ ಕೊಟ್ಟರೆ ಸೆಕೆಂಡಿಗೆ 12.5 ಚಿತ್ರ. ಪಾರಿವಾಳಕ್ಕೆ ಅದರಿಂದ ಏನೂ ತೊಂದರೆಯಿಲ್ಲ.

ಡ್ರಮ್ಮನ್ನೇ ಫೋನಿನಲ್ಲಿ ಹಿಡಿಯುವುದಾದರೆ ಷಟರ್ ವೇಗ ಹೆಚ್ಚಿಸಿ. ಸೀಳಿಲ್ಲದೆ ಮೇಲಿನಿಂದಲೂ ಹಿಡಿಯಬಹುದು. 24 ಫ್ರೇಮಿನ ವಿಡಿಯೋಗೆ ಡ್ರಮ್ಮು ಸೆಕೆಂಡಿಗೆ ಎರಡು ಸುತ್ತು ತಿರುಗುತ್ತಿದ್ದರೆ ಕ್ಯಾಮೆರಾವೇ ಸೀಳಿನ ಕೆಲಸ ಮಾಡುತ್ತದೆ. ಕೈಯಲ್ಲಿ ಅಷ್ಟು ಹದವಾಗಿ ತಿರುಗಿಸೋದು ಕಷ್ಟ. ಜೋರಾಗಿ ತಿರುಗಿಸಿ ಬಿಟ್ಟು ಹಿಡಿದರೆ, ವೇಗ ಇಳಿಯುತ್ತಾ ಬಂದು ಎರಡು ಸುತ್ತಿನ ಹದ ದಾಟುವ ಕೆಲವು ಕ್ಷಣ ಮಾತ್ರ ಹಕ್ಕಿ ಚೆನ್ನಾಗಿ ಕಾಣುತ್ತದೆ. ಅಷ್ಟು ತುಂಡು ಕತ್ತರಿಸಿಕೊಂಡರೆ ಸಾಕು.

ಮುಂದಿನ ತಿಂಗಳಿಗೆ ಬಕ ಇಳಿಯುವ ಚಿತ್ರ. ರೆಕ್ಕೆಯ ಮುಂದಂಚಿನಲ್ಲಿ, ನಮ್ಮ ಹೆಬ್ಬೆರಳಿನ ಜಾಗದಲ್ಲಿ, ಹಕ್ಕಿಗೆ ಸಾಮಾನ್ಯವಾಗಿ ಮೂರರಿಂದ ಐದು ಪುಟ್ಟ ಗರಿಗಳ ಗೊಂಚಲಿದೆ. ಇಳಿಯುವಾಗ ವೇಗ ಕಡಿಮೆಯಾದರೂ ಧೊಪ್ಪನೆ ಬೀಳದಂತೆ ಅದನ್ನು ಎತ್ತಿ ಹಿಡಿಯುತ್ತದೆ. ಇಳಿಯುವುದು ಸುತ್ತಿ ಸುತ್ತಿ ಬರುವ ಕೆಲಸವಲ್ಲ. ಇಳಿಯುವುದನ್ನಷ್ಟೇ ಬಿಡಿಸಿದರೆ 12ನೇ ಚಿತ್ರದಲ್ಲಿ ನೆಲದ ಮೇಲಿದ್ದ ಬಕ ಒಂದನೆಯದರಲ್ಲಿ ತಟಕ್ಕಂತ ಗಾಳಿಯಲ್ಲಿರುತ್ತದೆ. ಅದಕ್ಕೇ ಇಳಿಯೋಕೆ 8, ಮತ್ತೆ ಏಳೋಕೆ 4 ಅಂತ ಹಂಚಿದ್ದೇನೆ. 1, 5, 8ನೇ ಮನೆಯ ಭಂಗಿ ಆಗಿದೆ.